ಅಕ್ಕಾ, ಆ ಮಾತ್ರೆ ಮಾತ್ರ ನಿಲ್ಲಿಸಬೇಡ

ಅಕ್ಕಾ, ನಿನ್ನ ಮೆಸೇಜ್ ಈಗಷ್ಟೇ ನೋಡಿದೆ. ಇದು ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಕೇಳು. ಭಾವನಿಗೆ ಬೈಪಾಸ್ ಆಗಿ ಮೂರು ವಾರವಾಯಿತು. ಆಸ್ಪತ್ರೆಯಲ್ಲಿ ಎದೆಬಡಿತ ಏರುಪೇರಾಗಿತ್ತು, ಈಗ ಆರಾಮಾಗಿದ್ದಾರೆ, ರಕ್ತ ಹೆಪ್ಪುಗಟ್ಟದಂತೆ ಕೊಟ್ಟಿರುವ ಅಸಿಟ್ರೋಮ್ ಮಾತ್ರೆ ನಿಲ್ಲಿಸಬಹುದಾ ಎಂದು ಕೇಳಿದ್ದೀಯ. ಬೇಡ ಅಕ್ಕಾ. ಡಾಕ್ಟರ್ ಹೇಳುವವರೆಗೆ ಒಂದು ದಿನವೂ ಬಿಡಿಸಬೇಡ.

ಆಪರೇಷನ್ ಸರಿ ಆಗಿಲ್ಲವೇನೋ ಎಂಬ ಭಯ ಮೊದಲು ಬಿಡು. ಹೃದಯದ ಆಪರೇಷನ್ ಆದ ಹತ್ತು ಜನರಲ್ಲಿ ಸುಮಾರು ಮೂವರಿಗೆ ಹೀಗಾಗುತ್ತದೆ. ಹೆಚ್ಚಾಗಿ ಎರಡರಿಂದ ನಾಲ್ಕನೇ ದಿನದೊಳಗೆ. ಹೃದಯಕ್ಕೆ ಕೈ ಹಾಕಿರುತ್ತಾರೆ, ಸುತ್ತ ಊತ ಇರುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ, ಮೆಗ್ನೀಸಿಯಂ ಇಳಿದಿರಬಹುದು. ಅದಕ್ಕೇ ಮೇಲಿನ ಕೋಣೆಗಳು ಲಯ ತಪ್ಪುತ್ತವೆ. ಹೆಚ್ಚಿನವರಿಗೆ ಆರರಿಂದ ಎಂಟು ವಾರದೊಳಗೆ ಸರಿಹೋಗುತ್ತದೆ.

ಲಯ ತಪ್ಪಿದಾಗ ಮೇಲಿನ ಕೋಣೆ ಸರಿಯಾಗಿ ಹಿಂಡುವುದಿಲ್ಲ, ಸುಮ್ನೆ ನಡುಗುತ್ತಿರುತ್ತದೆ. ಎಡಗಡೆ ಕೋಣೆಗೆ ಒಂದು ಸಣ್ಣ ಚೀಲದಂಥದ್ದು ಇದೆ. ರಕ್ತ ಅಲ್ಲಿ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಮೆದುಳಿಗೆ ಹೋದರೆ ಸ್ಟ್ರೋಕ್. ಅದನ್ನು ತಡೆಯೋದಕ್ಕೇ ಆ ಮಾತ್ರೆ.

ನಮ್ಮ ಮನೆಯಲ್ಲೇ ಆದದ್ದು ಹೇಳುತ್ತೇನೆ. ಅಪ್ಪ ಬೈಪಾಸ್ ಆದ ಒಂದು ತಿಂಗಳಿಗೆ 'ನಾನು ಗಟ್ಟಿಯಾಗಿದ್ದೇನೆ' ಎಂದು ನಮಗೆ ಹೇಳದೆ ವಾರಗಟ್ಟಲೆ ಅಸಿಟ್ರೋಮ್ ಬಿಟ್ಟಿದ್ದರು. ಟೆಸ್ಟ್ ಮಾಡಿಸಿದರೆ ಐಎನ್‌ಆರ್, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತೋರಿಸುವ ಅಳತೆ, 1.2. ಅವರಿಗೆ ಬೇಕಿದ್ದದ್ದು 2ರಿಂದ 3. ಅವತ್ತೇ ಇಸಿಜಿ ತೆಗೆದರು, ಬಡಿತ ಇನ್ನೂ ಏರುಪೇರಾಗಿಯೇ ಇತ್ತು! ಅಪ್ಪನಿಗೆ ಎದೆಯಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ. ಏನೂ ಆಗಲಿಲ್ಲ, ಆದರೆ ಆ ದಿನ ನೆನೆದರೆ ಈಗಲೂ ನನಗೆ ಕೈಕಾಲು ನಡುಗುತ್ತದೆ. ಆರಾಮಾಗಿದ್ದಾರೆ ಅಂದರೆ ಲಯ ಸರಿಯಾಗಿದೆ ಎಂದು ಅರ್ಥ ಅಲ್ಲ ಅಕ್ಕಾ.

ಭಾವನಿಗೆ ಲಯ ಸರಿಪಡಿಸುವ ಅಮಿಯೋಡರೋನ್ ಮಾತ್ರೆ ಕೂಡ ಕೊಟ್ಟಿದ್ದಾರೆ ಅಂದೆಯಲ್ವಾ? ಅದು ಅಸಿಟ್ರೋಮ್‌ನ ಜೋರು ಜಾಸ್ತಿ ಮಾಡುತ್ತದೆ. ಹಾಗಾಗಿ ಐಎನ್‌ಆರ್ ತಾರೀಖು ತಪ್ಪಿಸಲೇಬೇಡ. ಕಮ್ಮಿಯಾದರೆ ಹೆಪ್ಪು, ಜಾಸ್ತಿಯಾದರೆ ರಕ್ತಸ್ರಾವ. ಒಸಡಿನಲ್ಲಿ ರಕ್ತ, ಕಪ್ಪು ಮಲ, ಮೈಮೇಲೆ ಸುಮ್ನೆ ನೀಲಿ ಕಲೆ ಕಂಡರೆ ಕೂಡಲೇ ಡಾಕ್ಟರಿಗೆ ಫೋನ್ ಮಾಡು. ಮಂಡಿ ನೋವು ಅಂತ ಮೆಡಿಕಲ್‌ನಿಂದ ನೋವಿನ ಮಾತ್ರೆ ತರಬೇಡ. ಚಿಕ್ಕಮ್ಮ ಈ ಗ್ರೂಪಿನಲ್ಲಿ ಅರ್ಜುನ ತೊಗಟೆ ಕಷಾಯ ಹೇಳಿದ್ದಾರೆ. ಅವರ ಪ್ರೀತಿ ನನಗೆ ಗೊತ್ತು, ಆದರೆ ಈಗ ಡಾಕ್ಟರನ್ನು ಕೇಳದೆ ಕೊಡಬೇಡ. ಸೊಪ್ಪು ಅಸಿಟ್ರೋಮ್‌ನ ಜೋರು ಕಮ್ಮಿ ಮಾಡುತ್ತದೆ, ಆದರೂ ಪೂರ್ತಿ ಬಿಡಿಸಬೇಕಿಲ್ಲ. ಒಂದು ವಾರ ದಿನಾ ಬಸಳೆ ಸಾರು, ಮುಂದಿನ ವಾರ ಸೊಪ್ಪೇ ಇಲ್ಲ, ಹಾಗಾಗಬಾರದು ಅಷ್ಟೇ. ಅಳತೆ ಒಂದೇ ಥರ ಇರಲಿ.

ನಾಡಿ ನೋಡುವಾಗ ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಬೇಡ. ಬಡಿತ ಒಂದೇ ಸಮ ಇಲ್ಲದಾಗ ಆ ಲೆಕ್ಕ ತಪ್ಪುತ್ತದೆ. ಭಾವ ಐದು ನಿಮಿಷ ಸುಮ್ಮನೆ ಕೂತಿರಲಿ, ಆಮೇಲೆ ಪೂರ್ತಿ ಒಂದು ನಿಮಿಷ ಎಣಿಸಿ, ಕ್ಯಾಲೆಂಡರಿನಲ್ಲೇ ಬರೆದಿಡು. ಕೂತಾಗಲೂ 110 ದಾಟಿ ಇಳಿಯದಿದ್ದರೆ ಅವತ್ತೇ ಡಾಕ್ಟರಿಗೆ ಹೇಳು. ಎದೆನೋವು, ಉಸಿರು ಕಟ್ಟುವುದು, ತಲೆ ಸುತ್ತಿ ಬೀಳುವುದು, ಬಾಯಿ ಸೊಟ್ಟ, ಮಾತು ತೊದಲು, ಒಂದು ಕೈ ಸೋಲು, ಇದರಲ್ಲಿ ಯಾವುದೇ ಕಂಡರೂ ಗ್ರೂಪಿನಲ್ಲಿ ಕೇಳುತ್ತಾ ಕೂರಬೇಡ. 108ಕ್ಕೆ ಫೋನ್ ಮಾಡು.

ಮುಂದಿನ ಐಎನ್‌ಆರ್ ಯಾವತ್ತು ಎಂದು ಡಿಸ್ಚಾರ್ಜ್ ಚೀಟಿ ನೋಡಿ ಹೇಳು. ಅವತ್ತು ರಜೆ ಹಾಕಿ ನಾನೇ ಕಾರು ತರುತ್ತೇನೆ. ಅಪ್ಪನೂ ರಾತ್ರಿ ಭಾವನ ಹತ್ತಿರ ಮಾತಾಡುತ್ತಾರಂತೆ.