ಕರುಳಿನ ಹಾರ್ಮೋನಿನಿಂದ ರಕ್ತದೊತ್ತಡ ಇಳಿದು ನಾಡಿಬಡಿತ ಏರುವುದೇಕೆ?

ತುಂಗಾತೀರ:
ಸಕ್ಕರೆ ಕಾಯಿಲೆಯೂ ರಕ್ತದೊತ್ತಡವೂ ಇರುವ ನಮ್ಮ ತಾಯಿಯವರಿಗೆ, ರಕ್ತದೊತ್ತಡದ ಟೆಲ್ಮಿಸಾರ್ಟಾನ್ ಮಾತ್ರೆಯ ಜೊತೆಗೆ ಈಚೆಗೆ ವಾರಕ್ಕೊಮ್ಮೆ ಸೆಮಗ್ಲುಟೈಡ್ ಚುಚ್ಚುಮದ್ದು ಆರಂಭವಾಗಿದೆ. ಮನೆಯ ಬಿ.ಪಿ. ಯಂತ್ರದಲ್ಲಿ 138/84 ಬರುತ್ತಿದ್ದದ್ದು ಈಗ 126/78ರ ಆಸುಪಾಸಿಗೆ ಇಳಿದಿದೆ. ಆದರೆ ನಾಡಿಬಡಿತ 72ರಿಂದ 76ಕ್ಕೆ ಏರಿದೆ. ಇದು ಕರುಳಿನ ಹಾರ್ಮೋನನ್ನು ಹೋಲುವ ಔಷಧವಂತೆ. ಕರುಳಿನ ಹಾರ್ಮೋನಿಗೆ ಹೃದಯದಲ್ಲೇನು ಕೆಲಸ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಶರೀರಶಾಸ್ತ್ರ ಅಧ್ಯಾಪಕಿ:
ಆ ಹಾರ್ಮೋನು ಜಿಎಲ್‌ಪಿ-1. ಉಂಡ ಮೇಲೆ ಕರುಳಿನ ಎಲ್ ಕೋಶಗಳು ಅದನ್ನು ರಕ್ತಕ್ಕೆ ಬಿಡುತ್ತವೆ, ಆದರೆ ಡಿಪಿಪಿ-4 ಎಂಬ ಕಿಣ್ವದಿಂದಾಗಿ ಎರಡೇ ನಿಮಿಷಗಳಲ್ಲಿ ಅದರ ಅರ್ಧ ಭಾಗ ನಿಷ್ಕ್ರಿಯವಾಗುತ್ತದೆ. ಸೆಮಗ್ಲುಟೈಡ್‌ನ ಅರ್ಧಾಯುಷ್ಯ (ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು ಬೇಕಾದ ಅವಧಿ) ಸುಮಾರು ಒಂದು ವಾರವಾದ್ದರಿಂದ, ಊಟದ ಹೊತ್ತಿಗಷ್ಟೇ ಬಂದುಹೋಗಬೇಕಾದ ಸಂದೇಶ ದಿನವಿಡೀ ದೇಹದಲ್ಲಿ ಉಳಿಯುತ್ತದೆ. ಮೂತ್ರಪಿಂಡಗಳು ಸೋಡಿಯಂ ಅನ್ನು ಮರಳಿ ಹೀರಿಕೊಳ್ಳುವುದು ಕಡಿಮೆಯಾಗಿ ಉಪ್ಪು ಹೆಚ್ಚು ಹೊರಹೋಗುವುದು, ತೂಕ ಇಳಿಯುವುದು, ಇವೆರಡೂ ಒತ್ತಡವನ್ನು ತಗ್ಗಿಸುತ್ತವೆ. ಇಲಿಗಳಿಗೆ ಇದೇ ವರ್ಗದ ಔಷಧ ಕೊಟ್ಟಾಗ ಹೃತ್ಕರ್ಣದಿಂದ (ಹೃದಯದ ಮೇಲಿನ ಕೋಣೆಯಿಂದ) ಎಎನ್‌ಪಿ ಎಂಬ ಇನ್ನೊಂದು ಹಾರ್ಮೋನು ಹೊರಟು ಒತ್ತಡ ಇಳಿದದ್ದು 2013ರಲ್ಲಿ ವರದಿಯಾಯಿತು. ಮನುಷ್ಯರಲ್ಲಿ ಅದು ಹಾಗೆ ಕಂಡುಬರಲಿಲ್ಲವಾದ್ದರಿಂದ, ಅದನ್ನೇ ಕಾರಣವೆಂದು ಹೇಳುವುದು ನನಗೆ ಸರಿಕಾಣುವುದಿಲ್ಲ. ಬಡಿತದ ಏರಿಕೆ ಒತ್ತಡ ಇಳಿದುದರ ಪ್ರತಿಕ್ರಿಯೆ ಮಾತ್ರವಲ್ಲ: ಬಡಿತಕ್ಕೆ ಚಾಲನೆ ಕೊಡುವ ಸೈನಸ್ ನೋಡ್‌ನಲ್ಲಿಯೇ ಜಿಎಲ್‌ಪಿ-1ರ ಸಂದೇಶವನ್ನು ಹಿಡಿಯುವ ಗ್ರಾಹಕಗಳಿವೆ. ನಿಮಿಷಕ್ಕೆ ಎರಡರಿಂದ ನಾಲ್ಕರಷ್ಟು ಏರಿಕೆ ಈ ಔಷಧಗಳಲ್ಲಿ ಸಾಮಾನ್ಯ.

ಮಲೆನಾಡಿನ ವೈದ್ಯ:
ಹೃದಯದ ಮೇಲಿನ ಪರಿಣಾಮ ಎಲ್ಲರಲ್ಲೂ ಒಂದೇ ಅಲ್ಲ. 2023ರ ಸೆಲೆಕ್ಟ್ ಪ್ರಯೋಗದಲ್ಲಿ, ಮಧುಮೇಹವಿಲ್ಲದೆ ಅಧಿಕ ತೂಕ ಅಥವಾ ಸ್ಥೂಲಕಾಯವೂ ಹೃದಯ-ರಕ್ತನಾಳಗಳ ಕಾಯಿಲೆಯೂ ಇದ್ದ 17,604 ಜನರಲ್ಲಿ, ಸೆಮಗ್ಲುಟೈಡ್ ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದ್ರೋಗದ ಸಾವುಗಳನ್ನು ಒಟ್ಟಾರೆ ಶೇ. 20ರಷ್ಟು ತಗ್ಗಿಸಿತು. ಆದರೆ ಹೃದಯದ ಪಂಪ್ ಮಾಡುವ ಶಕ್ತಿಯೇ ಕುಂದಿದ್ದ 300 ರೋಗಿಗಳಿಗೆ ಇದೇ ವರ್ಗದ ಲಿರಗ್ಲುಟೈಡ್ ಕೊಟ್ಟು ನೋಡಿದ 2016ರ ಫೈಟ್ ಪ್ರಯೋಗದಲ್ಲಿ ಪ್ರಯೋಜನ ಕಾಣಲಿಲ್ಲ. ತಾಯಿಯವರ ಎಕೋ ವರದಿಯಲ್ಲಿ ಇಜೆಕ್ಷನ್ ಫ್ರ್ಯಾಕ್ಷನ್ (ಪ್ರತಿ ಬಡಿತಕ್ಕೆ ಹೃದಯ ಹೊರಹಾಕುವ ರಕ್ತದ ಪಾಲು) ಎಷ್ಟಿದೆ ಎಂದು ವೈದ್ಯರನ್ನು ಕೇಳಿ.

ಇನ್ನೊಂದು ಮಾತು. ಈ ಔಷಧದಿಂದ ಮೇಲಿನ ಒತ್ತಡ ಇಳಿಯುವುದು ಸರಾಸರಿ ಎರಡರಿಂದ ಐದು ಅಂಕ. ನೀವು ಹೇಳಿದ ಹನ್ನೆರಡು ಅಂಕಗಳಲ್ಲಿ ಊಟ, ನೀರು ಕಡಿಮೆಯಾದುದರ ಪಾಲೂ ಇರಬಹುದು. ವಾಂತಿ ಭೇದಿಯಿಂದ ನೀರಿನಂಶ ಕುಸಿದರೆ ಟೆಲ್ಮಿಸಾರ್ಟಾನ್ ಜೊತೆಗಿರುವಾಗ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ಎದ್ದು ನಿಂತಾಗ ತಲೆಸುತ್ತು ಬರುತ್ತಿದ್ದರೆ, ಕೂತು ಒಮ್ಮೆ, ನಿಂತು ಮೂರು ನಿಮಿಷದೊಳಗೆ ಒಮ್ಮೆ ಬಿ.ಪಿ. ನೋಡಿ, ಎರಡನ್ನೂ ಬರೆದಿಟ್ಟುಕೊಂಡು ಬೇಗನೆ ವೈದ್ಯರಿಗೆ ತೋರಿಸಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.