ಪದಚರ್ಚೆ: ಕಡಲಸೌತೆಯದು ‘ಗ್ರೀಷ್ಮನಿದ್ರೆ’ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಕಡಲಸೌತೆ (sea cucumber, ಸೌತೆಕಾಯಿಯ ಆಕಾರದ ಕಡಲತಳದ ಪ್ರಾಣಿ) ಆಹಾರ ತಿನ್ನುವ ರೀತಿಯೂ ಅದರ ಮಾಂಸದ ಗುಣವೂ ಋತುವಿನೊಂದಿಗೆ ಹೇಗೆ ಬದಲಾಗುತ್ತವೆ ಎಂಬ ಬಗ್ಗೆ ಒಂದು ವಿಜ್ಞಾನ ಬರಹ ಸಿದ್ಧಪಡಿಸುತ್ತಿದ್ದೇನೆ. ಕೆಲವು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಉತ್ತರ ಚೀನಾ, ಕೊರಿಯಾ, ಜಪಾನ್‌ಗಳಲ್ಲಿ ಬಹಳ ಬೇಡಿಕೆಯಿರುವ ಜಾತಿ ಅಪೋಸ್ಟಿಕೋಪಸ್ ಜಪೋನಿಕಸ್. ಅದು ಕಡಲತಳದ ಕೆಸರು, ಮರಳನ್ನು ನುಂಗಿ, ಅದರಲ್ಲಿರುವ ಡಯಾಟಮ್ (ಒಂದು ಬಗೆಯ ಸೂಕ್ಷ್ಮ ಪಾಚಿ), ಬ್ಯಾಕ್ಟೀರಿಯಾ, ಕೊಳೆತ ಪಾಚಿಯ ಚೂರುಗಳನ್ನು ಅರಗಿಸಿಕೊಂಡು ಉಳಿದದ್ದನ್ನು ಹೊರಹಾಕುತ್ತದೆ. ನೀರಿನ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ದಾಟಿ ಏರುತ್ತ ಹೋದರೆ ಬೆಳೆದ ಪ್ರಾಣಿಗಳು ತಿನ್ನುವುದನ್ನೇ ಬಿಟ್ಟು ಬಂಡೆಯ ಸಂದಿ ಸೇರುತ್ತವೆ. ಕರುಳು ಕುಗ್ಗುತ್ತದೆ, ತೂಕ ಇಳಿಯುತ್ತದೆ. ನೀರು ತಣ್ಣಗಾದ ಮೇಲೆ ಮತ್ತೆ ತಿನ್ನತೊಡಗುತ್ತವೆ. ಇದರ ಕರುಳಿಗೆ ಉಪ್ಪು ಹಾಕಿ ಹುದುಗಿಸುವ ಜಪಾನಿನ ‘ಕೊನೊವಾತ’ ಚಳಿಗಾಲದ ತಿನಿಸು; ಬೇಸಿಗೆಯಲ್ಲಿ ತೆಗೆಯಲು ಹೇಳಿಕೊಳ್ಳುವಂಥ ಕರುಳೇ ಇರುವುದಿಲ್ಲ.

ಈ ಸ್ಥಿತಿಗೆ ನಮ್ಮಲ್ಲಿರುವ ಪದ ‘ಗ್ರೀಷ್ಮನಿದ್ರೆ’. ಆದರೆ ನಮ್ಮ ಗ್ರೀಷ್ಮ ಜ್ಯೇಷ್ಠ, ಆಷಾಢಗಳದ್ದು. ಅಲ್ಲಿ ಕಡಲು ಅತಿ ಹೆಚ್ಚು ಬಿಸಿಯಾಗುವುದು ಆಗಸ್ಟ್‌ನಲ್ಲಿ, ಅಂದರೆ ನಮ್ಮ ಪಂಚಾಂಗದ ವರ್ಷ ಋತುವಿನಲ್ಲಿ! ‘ಬೇಸಿಗೆ ನಿದ್ದೆ’ ಎಂದರೆ ಓದುಗರ ಮನಸ್ಸು ನೇರ ಏಪ್ರಿಲ್‌ಗೆ ಹೋಗುತ್ತದೆ. ಇನ್ನು ‘ನಿದ್ರೆ’ಯೂ ನನಗೆ ಒಪ್ಪಿಗೆಯಿಲ್ಲ, ಇದು ಮಿದುಳೇ ಇಲ್ಲದ ಪ್ರಾಣಿ. ಒಂದೆಡೆ ನೆಲೆನಿಂತು ಆಹಾರ ಬಿಡುವುದನ್ನು ನೋಡಿದರೆ ನಿದ್ರೆಗಿಂತ ಚಾತುರ್ಮಾಸ್ಯವೇ ಹತ್ತಿರ, ತಿಂಗಳುಗಳೂ ಹೆಚ್ಚುಕಡಿಮೆ ಹೊಂದುತ್ತವೆ. ಬರಹದಲ್ಲಿ ಹಾಗೆ ಬರೆದರೆ ಸಂಪಾದಕರು ಬಿಡಲಾರರು. ‘ಉಷ್ಣವಿರಾಮ’ ಎಂದು ಸದ್ಯಕ್ಕೆ ಇಟ್ಟುಕೊಂಡಿದ್ದೇನೆ. ತುಸು ಕೃತಕ, ಆದರೆ ಕಾರಣವನ್ನು ಸರಿಯಾಗಿ ಹೇಳುತ್ತದೆ.

ಎರಡನೆಯ ತೊಡಕು ಷಷ್ಠಿ ವಿಭಕ್ತಿಯದು. ‘ಕಡಲಸೌತೆಯ ಆಹಾರ’ ಎಂದರೆ ಅದು ತಿನ್ನುವುದೋ, ಅದರಿಂದ ಮಾಡಿದ ಅಡುಗೆಯೋ? ‘ಕಡಲಸೌತೆಯ ಪೌಷ್ಟಿಕತೆ’ಯಲ್ಲಿ ಪುಷ್ಟಿ ಯಾರಿಗೆ? ಮೊದಲನೆಯದಕ್ಕೆ ‘ಮೇವು’ ಸಾಕೆಂದು ನನ್ನ ಎಣಿಕೆ. ಹುಲ್ಲು ನೆನಪಾದರೂ ಅಡ್ಡಿಯಿಲ್ಲ, ತಳದಲ್ಲಿ ಹರಿದಾಡುತ್ತ ಅದು ಮಾಡುವುದು ಮೇಯುವ ಕೆಲಸವನ್ನೇ. ಎರಡನೆಯದಕ್ಕೆ ‘ಮೈಗೋಡೆಯ (ದೇಹದ ದಪ್ಪ ಹೊರಪದರದ) ಪೋಷಕಮೌಲ್ಯ’ ಎನ್ನುತ್ತೇನೆ, ಏಕೆಂದರೆ ಪ್ರೋಟೀನ್, ಕೊಬ್ಬಿನಾಮ್ಲಗಳನ್ನು ಅಳೆಯುವುದು ಮುಖ್ಯವಾಗಿ ಅಲ್ಲಿಯೇ. ಹಸಿ ಮೈಗೋಡೆಯಲ್ಲಿ ಸುಮಾರು ಶೇ. 90ರಷ್ಟು ನೀರು. ಹಾಗಾಗಿ ‘ಹಸಿ ತೂಕ’, ‘ಒಣ ತೂಕ’ ಎಂಬ ವಿಶೇಷಣ ಬಿಟ್ಟರೆ ಅಂಕಿಗಳೆಲ್ಲ ದಾರಿತಪ್ಪಿಸುತ್ತವೆ.

ಕರಾವಳಿಯ ಸದಸ್ಯರಲ್ಲಿ ಇನ್ನೊಂದು ಕೋರಿಕೆ. ಮಳೆಗಾಲ ಕಳೆದ ಮೇಲೆ ಬೂತಾಯಿಯಲ್ಲಿ ಎಣ್ಣೆಯಂಶ ಏರುತ್ತದೆ. ಹೀಗೆ ಹಂಗಾಮಿಗೆ ತಕ್ಕಂತೆ ಮೀನು ಕೊಬ್ಬುವುದಕ್ಕೆ, ಸೊರಗುವುದಕ್ಕೆ ಮಲ್ಪೆ, ಕಾರವಾರದ ಕಡೆ ಬಳಕೆಯಲ್ಲಿರುವ ಮಾತುಗಳಿದ್ದರೆ ದಯವಿಟ್ಟು ಬರೆಯಿರಿ. ‘ಉಷ್ಣವಿರಾಮ’ವನ್ನು ಸಂತೋಷದಿಂದ ಕೈಬಿಡುತ್ತೇನೆ.