ಗೋವಾ ಮೂಲ, ಪೋರ್ಚುಗಲ್ ಪಾಸ್‌ಪೋರ್ಟ್: ವಕೀಲರನ್ನು ಕೇಳಿ

ಅಡ್ಮಿನ್: ಪೌರತ್ವ, ಪಾಸ್‌ಪೋರ್ಟ್ ಕೇಸು ನೋಡುವ ಮಂಗಳೂರಿನ ವಕೀಲರು ಇವತ್ತು 7ರಿಂದ 9ರವರೆಗೆ ಇಲ್ಲಿರ್ತಾರೆ. ಎಲ್ಲ ಗುಂಪಲ್ಲೂ ತಿರುಗುತ್ತಿರುವ ಮೆಸೇಜ್ ಇದು: "ಗೋವಾ ಮೂಲದ ಎಲ್ಲ ಕೊಂಕಣಿಗರಿಗೂ ಪೋರ್ಚುಗಲ್ ಪಾಸ್‌ಪೋರ್ಟ್. ಕುಲದೇವರ ದೇವಸ್ಥಾನದ ಅಥವಾ ಇಗರ್ಜಿಯ ಪತ್ರ ಸಾಕು. ಭಾರತದ ಪೌರತ್ವ ಹೋಗುವುದಿಲ್ಲ." ಇದರ ಬಗ್ಗೆ ಕೇಳಿ.

ರಥಬೀದಿ ಹುಡುಗ: ಸರ್, ನಮ್ಮ ಕುಲದೇವರು ಮಂಗೇಶಿ. ಹಿರಿಯರು ಪೋರ್ಚುಗೀಸರ ಕಾಲದಲ್ಲಿ ಗೋವಾ ಬಿಟ್ಟು ಬಂದವರು. ನಮಗೆ ಸಿಗ್ತದಾ?

ವಕೀಲರು: ಇಲ್ಲ. ನಿಮ್ಮವರು ಅವರ ಕಾಟ ತಡೆಯದೆ ಬಂದವರು. ಲೆಕ್ಕಕ್ಕೆ ಬರುವ ದಿನ 1961ರ ಡಿಸೆಂಬರ್ 19, ಗೋವಾ ನಮ್ಮ ಸೈನ್ಯದ ಕೈಗೆ ಬಂದ ದಿನ. ಅದಕ್ಕೆ ಮೊದಲು ಗೋವಾ, ದಮನ್, ದಿಯುವಿನಲ್ಲಿ ಹುಟ್ಟಿದ ಅಪ್ಪನೋ ಅಮ್ಮನೋ ಇದ್ದರೆ ಮಾತಾಡುವ. ಅಜ್ಜ ಅಜ್ಜಿ ಆದರೆ ದಾರಿ ಬೇರೆ, ಉದ್ದ ಉಂಟು. ದೇವಸ್ಥಾನದ ಪತ್ರ ಲಿಸ್ಬನ್ನಿನಲ್ಲಿ ಓದುವವರಿಲ್ಲ.

ಕಟಪಾಡಿ ಕಾರ್ನರ್: ನಮ್ಮದು ಶಾಂತಾದುರ್ಗೆ. ಆಗ್ತದಾ?

ವಕೀಲರು: ದೇವರು ಬದಲಾದರೆ ಕಾನೂನು ಬದಲಾಗುದಿಲ್ಲ. ಮೇಲೆ ಓದಿ.

ಬಿಜೈ ಮೇಷ್ಟ್ರು: ಓಡಿಹೋದವರ ವಂಶಕ್ಕೆ ಕೊಡುವುದೇ ಇಲ್ಲ ಅಂತಲ್ಲವಲ್ಲ. 1496ರಲ್ಲಿ ಹೊರಹಾಕಿದ ಯಹೂದಿಗಳ ವಂಶದವರಿಗೆ ಪೋರ್ಚುಗಲ್ ಪೌರತ್ವ ಕೊಟ್ಟಿದೆ.

ವಕೀಲರು: ಸರಿ ಮೇಷ್ಟ್ರೇ. 2013ರಲ್ಲಿ ಕಾನೂನು, 2015ರಿಂದ ಜಾರಿ. ಆದರೆ ಅದು ಅವರಿಗೆ ಮಾತ್ರ. ಇದನ್ನು ಹಿಡಕೊಂಡು ಇನ್ನೊಂದು ಫಾರ್ವರ್ಡ್ ಮಾಡಬೇಡಿ ದಯವಿಟ್ಟು.

ಬಿಜೈ ಮೇಷ್ಟ್ರು: ಹಾಗಾದರೆ ಬಿಟ್ಟುಹೋದ ಊರಿನವರನ್ನು ಆ ದೇಶ ಇನ್ನೂ ತನ್ನವರು ಅನ್ನುವುದು ಏಕೆ? ಬ್ರಿಟಿಷರು ನಮಗೆ ಹಾಗೇನೂ ಹೇಳಲಿಲ್ಲ.

ವಕೀಲರು: ಒಳ್ಳೆ ಪ್ರಶ್ನೆ, ಇದಕ್ಕೆ ಸ್ವಲ್ಪ ಬರೀತೇನೆ. 1910ರಲ್ಲಿ ಅಲ್ಲಿ ರಾಜ ಹೋಗಿ ಗಣರಾಜ್ಯ ಬಂತು. 1932ರಲ್ಲಿ ಸಲಜಾರ್ ಪ್ರಧಾನಿಯಾದ, ಮರುವರ್ಷ ತನಗೆ ಬೇಕಾದ ಸಂವಿಧಾನ ತಂದ. ಎರಡನೇ ಯುದ್ಧದ ನಂತರ ವಸಾಹತು ಇಟ್ಟುಕೊಳ್ಳುವುದು ಮರ್ಯಾದೆಯ ಕೆಲಸವಲ್ಲ ಅಂತ ಆದಾಗ, 1951ರಲ್ಲಿ ವಸಾಹತುಗಳ ಹೆಸರನ್ನೇ "ಸಾಗರೋತ್ತರ ಪ್ರಾಂತ್ಯ" ಅಂತ ಬದಲಾಯಿಸಿದ. 1955ರಲ್ಲಿ ವಿಶ್ವಸಂಸ್ಥೆ ಸೇರಿದ ಮೇಲೂ ಅದೇ ವಾದ: ಗೋವಾ ವಸಾಹತಲ್ಲ, ಪೋರ್ಚುಗಲ್ಲೇ. ಹಾಗೆ ಹೇಳಿದ ಮೇಲೆ ಗೋವಾದ ಮಾಪ್ಸಾದಲ್ಲಿ ಹುಟ್ಟಿದವನನ್ನು ಪ್ರಜೆಯಲ್ಲ ಅನ್ನಲು ಬಾಯಿ ಬರಬೇಕಲ್ಲ. ಅಂಗೋಲಾ, ಮೊಜಾಂಬಿಕ್‌ಗಳಲ್ಲಿ ಮಾತ್ರ ಬೇರೆ ನ್ಯಾಯ. ಅಲ್ಲಿನ ಹೆಚ್ಚಿನ ಆಫ್ರಿಕನ್ನರು 1961ರವರೆಗೆ ಪೂರ್ತಿ ಪೌರರೇ ಅಲ್ಲ.
ಡಿಸೆಂಬರ್ 1961ರಲ್ಲಿ ನಮ್ಮ ಸೈನ್ಯ 36 ಗಂಟೆಯಲ್ಲಿ ಕೆಲಸ ಮುಗಿಸಿತು. ಭದ್ರತಾ ಮಂಡಳಿಯಲ್ಲಿ ನಮ್ಮ ವಿರುದ್ಧ ಬಂದ ನಿರ್ಣಯವನ್ನು ಸೋವಿಯತ್ ವೀಟೊ ತಡೆಯಿತು. ಆದರೆ ಪೋರ್ಚುಗಲ್ ಒಪ್ಪಲಿಲ್ಲ. 1974ರ ಏಪ್ರಿಲ್ 25ರಂದು ಅಲ್ಲಿನ ಸೈನಿಕರೇ ಸರ್ವಾಧಿಕಾರವನ್ನು ಉರುಳಿಸಿದರು. ಆ ವರ್ಷದ ಡಿಸೆಂಬರ್ 31ಕ್ಕೆ, ಗೋವಾ ಭಾರತದ್ದು ಅಂತ ಒಪ್ಪುವ ಒಪ್ಪಂದಕ್ಕೆ ಸಹಿ ಬಿತ್ತು. 13 ವರ್ಷ ಪಣಜಿಯಲ್ಲಿ ನಮ್ಮ ಬಾವುಟ, ಲಿಸ್ಬನ್ನಿನ ಕಡತದಲ್ಲಿ ಅವರದ್ದು. 1975ರ ಕಾನೂನಿನಲ್ಲಿ ಆಫ್ರಿಕಾದ ವಸಾಹತುಗಳವರಲ್ಲಿ ಹೆಚ್ಚಿನವರ ಪೌರತ್ವ ಹೋಯಿತು. ಗೋವಾದಲ್ಲಿ ಹುಟ್ಟಿದವರು "ಉಳಿಸಿಕೊಳ್ಳುತ್ತೇನೆ" ಅಂದರೆ ಉಳಿಯಿತು. ಅದಕ್ಕೆ ಬೆಲೆ ಬಂದದ್ದು 1986ರಲ್ಲಿ, ಪೋರ್ಚುಗಲ್ ಯುರೋಪಿನ ಒಕ್ಕೂಟ ಸೇರಿದಾಗ. ನಿಮ್ಮ ಫಾರ್ವರ್ಡಿನ ಹಿಂದಿರುವ ಆಸೆ ಲಿಸ್ಬನ್ನಿನದ್ದಲ್ಲ, ಯುರೋಪಿನದ್ದು.

ಮಲ್ಪೆ ಗಾಳಿ: ಅದರಲ್ಲಿ ಇಂಗ್ಲೆಂಡಿಗೆ ಹೋಗಬಹುದಲ್ಲ ಸರ್?

ವಕೀಲರು: ಬ್ರಿಟನ್ ಯುರೋಪಿನ ಒಕ್ಕೂಟ ಬಿಟ್ಟಿತಲ್ಲ, ಆ ಬಾಗಿಲು 2020ರ ಡಿಸೆಂಬರ್ 31ಕ್ಕೆ ಮುಚ್ಚಿತು.

ಉಳ್ಳಾಲದ ಅಳಿಯ: ಅಬ್ಬಕ್ಕ ಪೋರ್ಚುಗೀಸರನ್ನು ಹೊಡೆದೋಡಿಸಿದ ಊರು ಇದು. ಈಗ ಅವರ ಬಾಗಿಲಲ್ಲಿ ಸಾಲು ನಿಲ್ಲುದಾ? ನಾಚಿಕೆ ಬೇಡ್ವಾ?

ಮಲ್ಪೆ ಗಾಳಿ: ದುಬೈಗೆ ವೀಸಾ ಹಾಕುವಾಗ ಅಬ್ಬಕ್ಕ ನೆನಪಾಗಿಲ್ವಾ ಮಾರಾಯ?

ಉಳ್ಳಾಲದ ಅಳಿಯ: ನಾನು ದುಡಿಯಲು ಹೋದದ್ದು. ದೇಶ ಮಾರಲು ಅಲ್ಲ.

ಕಟಪಾಡಿ ಕಾರ್ನರ್: ಇವರ ತಮ್ಮ ಕೆನಡಾದ ಸಿಟಿಜನ್. ಫೋಟೋ ಬೇಕಾ?

ಉಳ್ಳಾಲದ ಅಳಿಯ: ಮನೆಯವರ ಸುದ್ದಿ ತೆಗೆದರೆ ಚೆಂದ ಇರುದಿಲ್ಲ, ಹೇಳಿದ್ದೇನೆ.

ಅಡ್ಮಿನ್: ಸಾಕು. ಇಬ್ಬರೂ.

ಬಜ್ಪೆ ಅಪ್ಪ: ನನ್ನ ಮಗು ಹುಟ್ಟಿದ್ದು ಮಸ್ಕತ್‌ನಲ್ಲಿ, ಎಂಬಸಿಯಲ್ಲಿ ಒಂದು ವರ್ಷದೊಳಗೆ ನೋಂದಣಿ ಮಾಡಿಸಲಿಲ್ಲ. ತೊಂದರೆ ಉಂಟಾ?

ಶಿರ್ವದ ಮಗಳು: ಸರ್, ನಮ್ಮದು ಸ್ವಲ್ಪ ಬೇರೆ. ಅಮ್ಮ ಹುಟ್ಟಿದ್ದು 1957ರಲ್ಲಿ, ಮಾಪ್ಸಾ. ಮದುವೆಯಾಗಿ ಶಿರ್ವಕ್ಕೆ ಬಂದದ್ದು. ಎರಡು ವರ್ಷ ಹಿಂದೆ ಸೋದರಮಾವ "ಮನೆ ಜಾಗದ ಪೇಪರ್" ಅಂತ ಗೋವಾಕ್ಕೆ ಕರೆಸಿ ಏಜೆಂಟನ ಹತ್ತಿರ ನಾಲ್ಕೈದು ಕಡೆ ಸಹಿ ಹಾಕಿಸಿದ್ರು. ಆಮೇಲೆ ಪಣಜಿಯಲ್ಲಿ ಒಂದು ಆಫೀಸಲ್ಲಿ ಫೋಟೋ, ಬೆರಳಚ್ಚು ತೆಗೆದ್ರಂತೆ, ಅಮ್ಮ ಈಗ ಹೇಳ್ತಾರೆ. ಮೊನ್ನೆ ಮಾವ ಕೊರಿಯರಲ್ಲಿ ಒಂದು ಕವರ್ ಕಳಿಸಿದ್ದಾರೆ. ಅಮ್ಮನ ಇಂಡಿಯನ್ ಪಾಸ್‌ಪೋರ್ಟ್ ಹೋದ ವರ್ಷ ಉಡುಪಿಯಲ್ಲಿ ರಿನ್ಯೂ ಮಾಡಿಸಿದೆವು. 24ಕ್ಕೆ ದೋಹಾಕ್ಕೆ ತಮ್ಮನ ಮನೆಗೆ ಹೊರಟಿದ್ದಾರೆ.

ವಕೀಲರು: ಉಳಿದವರು ಸ್ವಲ್ಪ ಸುಮ್ಮನಿರಿ.
ಅಮ್ಮಾ, ಮೊದಲು ಟಿಕೆಟ್ ನಿಲ್ಲಿಸಿ. ಪೋರ್ಚುಗಲ್ ಪೌರತ್ವಕ್ಕೆ ಲಿಸ್ಬನ್ನಿನಲ್ಲಿ ಮಾಡಿಸುವ ಜನನ ನೋಂದಣಿಗೆ ಬೆರಳಚ್ಚು ಬೇಡ. ಅಲ್ಲಿನ ಪೌರರ ಗುರುತಿನ ಕಾರ್ಡಿಗೆ ಬೇಕು, ಪಾಸ್‌ಪೋರ್ಟಿಗೆ ಬೇಕು. ಆ ಒಂದು ಮಾತೇ ನನಗೆ ಹೆದರಿಕೆ ಹುಟ್ಟಿಸಿದ್ದು.
1962ರ ಮಾರ್ಚ್ 28ರಂದು ನಮ್ಮ ಸರ್ಕಾರ ಒಂದು ಆದೇಶ ಹೊರಡಿಸಿತು: ಗೋವಾ, ದಮನ್, ದಿಯುವಿನಲ್ಲಿ 1961ರ ಡಿಸೆಂಬರ್ 20ಕ್ಕಿಂತ ಮೊದಲು ಹುಟ್ಟಿದವರು ಭಾರತದ ಪೌರರು, ಬೇಡವೆಂದವರು ಒಂದು ತಿಂಗಳೊಳಗೆ ಬರೆದುಕೊಡಬೇಕು. ನಿಮ್ಮ ತಾಯಿ ಆಗ ನಾಲ್ಕೈದು ವರ್ಷದ ಮಗು. ಹೀಗೆ ಭಾರತದವರಾದರು. ಪೋರ್ಚುಗಲ್ ಇದನ್ನು ಒಪ್ಪದ ಕಾರಣ ಅವರ ಪುಸ್ತಕದಲ್ಲೂ ಹೆಸರು ಉಳಿಯಿತು. ಅದರಲ್ಲಿ ತಪ್ಪಿಲ್ಲ.
ತಪ್ಪು ಶುರುವಾಗುವುದು ಆ ಪೌರತ್ವವನ್ನು ತಾನಾಗಿ ಪಡೆದಾಗ. 1955ರ ಪೌರತ್ವ ಕಾಯ್ದೆಯ 9ನೇ ಕಲಮಿನಂತೆ ಇನ್ನೊಂದು ದೇಶದ ಪೌರತ್ವವನ್ನು ಸ್ವಇಚ್ಛೆಯಿಂದ ಪಡೆದವರ ಭಾರತದ ಪೌರತ್ವ ಅಲ್ಲಿಗೇ ಮುಗಿಯುತ್ತದೆ. ಯಾರೂ ನೋಟಿಸ್ ಕಳಿಸಬೇಕೆಂದಿಲ್ಲ. "ನನಗೆ ಗೊತ್ತಿರಲಿಲ್ಲ, ಜಾಗದ ಪೇಪರ್ ಅಂದರು" ಎಂಬ ವಾದ ಉಂಟು, ಒಳ್ಳೆಯ ವಾದವೇ. ಆದರೆ ವಿದೇಶಿ ಪಾಸ್‌ಪೋರ್ಟ್ ಪಡೆದಿದ್ದರೆ ನಿಯಮಗಳ ಪ್ರಕಾರ ಅದೇ ಕಡೆಯ ಪುರಾವೆ. ಆ ನಿಯಮವನ್ನು ಸುಪ್ರೀಂ ಕೋರ್ಟ್ 1962ರಲ್ಲೇ ಎತ್ತಿಹಿಡಿದಿದೆ. ಬರೀ ಕಾರ್ಡ್ ಆದರೆ ಹೋರಾಡಲು ಜಾಗ ಉಂಟು, ತೀರ್ಮಾನ ಕೇಂದ್ರ ಸರ್ಕಾರದ್ದು.
ಇನ್ನು ರಿನ್ಯೂ. ಪೌರರಲ್ಲದವರು ಅದನ್ನು ಮುಚ್ಚಿಟ್ಟು ಪಾಸ್‌ಪೋರ್ಟ್ ಪಡೆದರೆ ಒಂದರಿಂದ ಐದು ವರ್ಷ ಜೈಲು ಎನ್ನುತ್ತದೆ ಕಾನೂನು. ನಿಮ್ಮ ತಾಯಿ ಮುಚ್ಚಿಟ್ಟದ್ದಲ್ಲ, ಗೊತ್ತಿಲ್ಲದೆ ಆದದ್ದು ಅಂತ ತೋರಿಸಬೇಕು. ಅದಕ್ಕೇ ಈಗ ಗೊತ್ತಾದ ಮೇಲೆ ಆ ಪಾಸ್‌ಪೋರ್ಟಲ್ಲಿ ವಿಮಾನ ಹತ್ತಬಾರದು. ಗಾಬರಿಯಲ್ಲಿ ಎಲ್ಲಿಗೂ ಸರೆಂಡರ್ ಮಾಡಲೂ ಹೋಗಬೇಡಿ. ಕವರಿನಲ್ಲಿ ಎಂತ ಉಂಟು, ಅಷ್ಟು ಹೇಳಿ.

ಮಲ್ಪೆ ಗಾಳಿ: ಓಸಿಐ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ) ಕಾರ್ಡ್ ಮಾಡಿಸಿದರೆ ಆಯ್ತಲ್ಲ, ಅದು ದ್ವಿಪೌರತ್ವವೇ. ಯೂಟ್ಯೂಬಲ್ಲಿ ನೋಡಿದ್ದೇನೆ.

ವಕೀಲರು: ಅಲ್ಲ. ವೋಟಿಲ್ಲ, ಚುನಾವಣೆಗೆ ನಿಲ್ಲುವ ಹಾಗಿಲ್ಲ, ಅಡಿಕೆ ತೋಟ ಕೊಳ್ಳುವ ಹಾಗಿಲ್ಲ. ಅದರ ಹೆಸರಲ್ಲಿ ಸಿಟಿಜನ್ ಅಂತ ಸೇರಿಸಿದ ಪುಣ್ಯಾತ್ಮರಿಗೆ ಒಂದು ದೊಡ್ಡ ನಮಸ್ಕಾರ. ಯೂಟ್ಯೂಬಿನವರ ಹತ್ತಿರವೇ ವಕಾಲತ್ತು ಹಾಕಿಸಿ.

ಮಲ್ಪೆ ಗಾಳಿ: ಕೇಳಿದ್ದಕ್ಕೆ ಇಷ್ಟು ಜೋರು ಎಂತಕ್ಕೆ?

ರಥಬೀದಿ ಹುಡುಗ: ಇಗರ್ಜಿಯ ಪತ್ರ ತಂದರೆ ಆಗ್ತದಾ ಸರ್, ದೇವಸ್ಥಾನದ್ದು ಆಗದಿದ್ದರೆ?

ವಕೀಲರು: ನಿಮಗೆ ಇಗರ್ಜಿಯ ಪತ್ರ ಎಲ್ಲಿಂದ ಬರ್ತದೆ? ಸುಳ್ಳು ಕಾಗದ ಮಾಡಿಸುವ ಮಾತು ಇಲ್ಲಿ ಇನ್ನೊಮ್ಮೆ ಎತ್ತಿದರೆ ನಾನು ಗುಂಪು ಬಿಡ್ತೇನೆ.

ಉಳ್ಳಾಲದ ಅಳಿಯ: ನಾನು ಹೇಳಿದ್ದು ಇದನ್ನೇ.

ಶಿರ್ವದ ಮಗಳು: ಸರ್, ಕವರ್ ತೆರೆದೆ. ಪ್ಲಾಸ್ಟಿಕ್ ಕಾರ್ಡ್ ಒಂದು, ಅಮ್ಮನ ಫೋಟೋ ಉಂಟು, ಆ ದಿನದ ನೀಲಿ ಸೀರೆಯೇ. ಒಂದು ಜನನ ಪತ್ರ ಪೋರ್ಚುಗೀಸಲ್ಲಿ. ಪಾಸ್‌ಪೋರ್ಟ್ ಇಲ್ಲ. ಮಾವ ಫೋನ್ ಎತ್ತುವುದಿಲ್ಲ. ಟಿಕೆಟ್ ಕ್ಯಾನ್ಸಲ್ ಮಾಡಿದೆ. ಅಮ್ಮ ಕೇಳ್ತಾ ಇದ್ದಾರೆ, ನಾನು ಈಗ ಯಾವ ದೇಶದವಳು ಅಂತ.

ವಕೀಲರು: ಫೋಟೋ ಇಲ್ಲಿ ಹಾಕಬೇಡಿ. ಪಾಸ್‌ಪೋರ್ಟ್ ಕವರಲ್ಲಿ ಇಲ್ಲ ಅಂದರೆ ಮಾಡಿಸಿಲ್ಲ ಅಂತ ಅರ್ಥವಲ್ಲ, ಮಾವನ ಹತ್ತಿರ ಇರಬಹುದು. ಅವರ ಪ್ರಶ್ನೆಗೆ ಕಾಗದ ನೋಡದೆ ಉತ್ತರ ಹೇಳುದಿಲ್ಲ. ನಾಳೆ ಹತ್ತೂವರೆಗೆ ಕರಕೊಂಡು ಬನ್ನಿ, ಕವರ್ ಸಮೇತ, ಕೊರಿಯರ್ ಚೀಟಿ ಬಿಸಾಡಬೇಡಿ. ನನ್ನ ಆಫೀಸು ಎರಡನೇ ಮಹಡಿ, ಲಿಫ್ಟ್ ಇಲ್ಲ. ಅಮ್ಮನಿಗೆ ಮಂಡಿ ನೋವಿದ್ದರೆ ಕೆಳಗೆ ಹೋಟೆಲಲ್ಲಿ ಕೂರಿಸಿ ಫೋನ್ ಮಾಡಿ, ನಾನೇ ಇಳಿದು ಬರ್ತೇನೆ.